ಬೋಳಣ್ಣನ ಭಾನುವಾರದ ಸ್ನಾನ

"ಇದಕ್ಕೆ ಸ್ನಾನ ಮಾಡಿಸಿ ಎಷ್ಟು ದಿನ ಆಯ್ತು?"

ಐದು ತಿಂಗಳಾದ ಮೇಲೆ ಗಂಡನ ಮುಖ ಕಂಡ ಹೆಂಡತಿ ಆಡಿದ ಮೊದಲ ಮಾತು ಇದು. ಹೇಗಿದ್ದೀಯಾ ಎನ್ನಲಿಲ್ಲ, ಒಳಗೆ ಬಾ ಎನ್ನಲಿಲ್ಲ.

ಅವನು ಬಾಗಿಲಾಚೆಯೇ ನಿಂತಿದ್ದ. ಕೈಯಲ್ಲಿ ಬೆತ್ತದ ಬುಟ್ಟಿ. ಬುಟ್ಟಿಯೊಳಗೆ ಹಳದಿ ಸ್ವೆಟರ್ ತೊಟ್ಟು ಮುದುರಿ ಕೂತಿದ್ದ, ಮೈಮೇಲೆ ಒಂದೇ ಒಂದು ಕೂದಲಿಲ್ಲದ ಬೆಕ್ಕು... ಬೋಳಣ್ಣ!

ಇಷ್ಟು ದಿನ ಇವರಿಬ್ಬರೂ ಎದುರುಬದುರಾಗದಂತೆ ಕಾಪಾಡಿದವಳು ಕೆಳಮನೆಯ ಟೈಲರಮ್ಮ. ಶನಿವಾರ ಸಂಜೆ ಅವನು ಅವಳ ಅಂಗಡಿಯಲ್ಲಿ ಬುಟ್ಟಿ ಇಟ್ಟು ಹೋಗುವುದು, ಅರ್ಧ ಗಂಟೆ ಬಿಟ್ಟು ಇವಳು ಇಳಿದು ಬಂದು ಎತ್ತಿಕೊಳ್ಳುವುದು. ಮುಂದಿನ ಶನಿವಾರ ಇವಳು ಇಡುವುದು, ಅವನು ಒಯ್ಯುವುದು. ಬೆಕ್ಕು ಒಂದು ವಾರ ಇವಳ ಮನೆ, ಒಂದು ವಾರ ಅವನ ಮನೆ. ಇವತ್ತು ಟೈಲರಮ್ಮ ಮಂಡಿನೋವೆಂದು ಅಂಗಡಿ ತೆಗೆದಿರಲಿಲ್ಲ. ನೋವು ನಿಜವೋ ನಾಟಕವೋ, ಆ ಮಂಡಿಗೇ ಗೊತ್ತು.

"ನಿಮ್ಮನ್ನೇ ಕೇಳಿದ್ದು" ಎಂದಳು.

ನಿಮ್ಮನ್ನು! ಆರು ವರ್ಷ 'ನೀನು' ಎಂದು ಕರೆದ ಬಾಯಿ. ಅವನ ರೆಪ್ಪೆ ಒಮ್ಮೆ ಅದುರಿತು, ಅಷ್ಟೇ.

"ನಿನ್ನೆ ಮಾಡಿಸಿದೀನಿ."

"ಸುಳ್ಳು!" ಅವಳು ಬುಟ್ಟಿಯ ಮುಚ್ಚಳ ತೆಗೆದು ಸ್ವೆಟರಿನ ಕೊರಳೊಳಗೆ ಬೆರಳು ತೂರಿಸಿದಳು. ಬೆರಳ ತುದಿಗೆ ಕಂದು ಬಣ್ಣದ ಜಿಡ್ಡು ಹತ್ತಿತು. ಅದನ್ನು ಅವನ ಮೂಗಿನ ಮುಂದೆ ಹಿಡಿದಳು. "ನಿನ್ನೆ ಸ್ನಾನ ಆದ ಮೈ ಹೀಗಿರುತ್ತಾ? ಇದೇನು ಹೇಳಿ? ಲಿಫ್ಟಿನ ಗ್ರೀಸು ತಾನೇ?"

ಅವನು ಲಿಫ್ಟ್ ಮೆಕ್ಯಾನಿಕ್. ಆ ಬೆರಳನ್ನು ನೋಡಿದ. ಬುಟ್ಟಿಯನ್ನು ನೆಲಕ್ಕಿಟ್ಟು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಅವನಿಂದ ಮಾತು ಹೊರಡಿಸುವುದಕ್ಕಿಂತ ಗೋಡೆಯಿಂದ ಮೊಳೆ ಕೀಳುವುದು ಸುಲಭ.

"ನೋಡಿ, ನನಗೆ ವರ್ಗ ಆಗಿದೆ" ಎಂದಳು. "ಇನ್ನು ನಾಲ್ಕು ವಾರ, ಆಮೇಲೆ ಸೋಮವಾರ ಹೊರಡ್ತೀನಿ. ಬಸ್ಸಲ್ಲಿ ನಾಲ್ಕು ಗಂಟೆ ದಾರಿ. ಬೋಳಣ್ಣನ್ನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ಇನ್ನು ಈ ವಾರ-ವಾರದ ಆಟ ಬೇಡ."

"ಆಗಲ್ಲ."

"ಯಾಕೆ ಆಗಲ್ಲ?"

"ಬೋಳಣ್ಣನ್ನ ಬಿಟ್ಟು ಬೇರೆ ಏನು ಬೇಕಾದ್ರೂ ತಗೊಂಡು ಹೋಗು."

"ಬೇರೆ ಏನಿದೆ ನಿಮ್ಮ ಹತ್ರ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಬಾಣ ಬಿಟ್ಟಾಗಿತ್ತು. ಅವನು ಮೆಟ್ಟಿಲಿಳಿದು ಹೋದ. ಅದೇ ಕಟ್ಟಡದ ಲಿಫ್ಟ್ ಅವನೇ ರಿಪೇರಿ ಮಾಡಿದ್ದು, ಆದರೂ ಮೆಟ್ಟಿಲು ಹಿಡಿದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರ ಜಗಳಕ್ಕೆ ಆ ಗಾದೆ ಗೊತ್ತಿರಲಿಲ್ಲ. ಐದು ತಿಂಗಳಿಂದ ಬೇರೆ ಬೇರೆ ಮನೆಯಲ್ಲಿ ಉಂಡು, ಬೇರೆ ಬೇರೆ ಮನೆಯಲ್ಲಿ ಮಲಗುತ್ತಿದ್ದರು.

ಬೋಳಣ್ಣನನ್ನು ಮನೆಗೆ ತಂದವನು ಅವನೇ. ಯಾವುದೋ ದೊಡ್ಡ ಕಟ್ಟಡದಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಬೆಕ್ಕನ್ನೂ ಖಾಲಿ ಮಾಡಿ ಹೋಗಿದ್ದರು. ಲಿಫ್ಟಿನ ಮೋಟರ್ ಕೋಣೆಯಲ್ಲಿ, ಬಿಸಿ ಮೋಟರಿಗೆ ಬೆನ್ನು ಒತ್ತಿಕೊಂಡು ನಡುಗುತ್ತಿತ್ತಂತೆ. ಜಾಕೆಟಿನೊಳಗೆ ಹಾಕಿಕೊಂಡು ತಂದ.

"ಅಯ್ಯೋ! ಇದೇನಿದು, ಸುಲಿದ ಕೋಳಿ!" ಎಂದು ಕಿರುಚಿ ಅವಳು ಮಂಚ ಹತ್ತಿದ್ದಳು.

"ಕೋಳಿ ಅಲ್ಲ ಕಣೇ, ಅಣ್ಣ. ಬೋಳು ಅಣ್ಣ" ಎಂದು ಅವನು ನಕ್ಕಿದ್ದ. ಆ ಕಾಲದಲ್ಲಿ ಅವನು ನಗುತ್ತಿದ್ದ.

ಹುಟ್ಟಿನಿಂದಲೇ ಕೂದಲಿಲ್ಲದ ತಳಿಯ ಇಂಥ ಬೆಕ್ಕಿಗೆ ಸ್ನಾನ ಬೇಕೇ ಬೇಕು. ಬೇರೆ ಬೆಕ್ಕುಗಳ ಮೈಯೆಣ್ಣೆ ಕೂದಲಿಗೆ ಹತ್ತಿ ಹೋಗುತ್ತದೆ. ಇದರ ಎಣ್ಣೆಗೆ ಹೋಗಲು ಜಾಗವಿಲ್ಲ, ಚರ್ಮದ ಮಡಿಕೆ ಮಡಿಕೆಯಲ್ಲಿ ಕೂತು ಕಂದಾಗುತ್ತದೆ, ಹಾಸಿಗೆಗೆ ಕಲೆ ಬಳಿಯುತ್ತದೆ. ಭಾನುವಾರ ಬೆಳಿಗ್ಗೆ ಇಬ್ಬರೂ ಬಚ್ಚಲಲ್ಲಿ ಮಂಡಿಯೂರಿ ಕೂರುತ್ತಿದ್ದರು. ಅವನು ಹಿಡಿಯುವುದು, ಅವಳು ಒರೆಸುವುದು. ಬೋಳಣ್ಣ ಊರಿಗೆಲ್ಲ ಕೇಳುವಂತೆ ಅರಚುವುದು.

ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸದವಳು. ಬೆಳಿಗ್ಗೆಯಿಂದ ಸಂಜೆವರೆಗೆ ಗ್ಲೌಸು, ಸ್ಪಿರಿಟ್ಟು, ಬಿಳಿ ಕೋಟು. ಅವನ ಕೈಯೋ... ಉಗುರ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗದು. ಅದು ಗೊತ್ತಿದ್ದೇ ಮೆಚ್ಚಿ ಮದುವೆಯಾದವಳು ತಾನೇ!

ಮತ್ತೆ ಅವತ್ತು ಏನಾಯಿತು?

ಅವಳ ಅಕ್ಕನಿಗೆ ಮಗು ಹುಟ್ಟಿತ್ತು. ನೋಡಲು ಹೋಗಿದ್ದರು. ಅವನು ಶಿಫ್ಟ್ ಮುಗಿಸಿ ನೇರ ಬಂದಿದ್ದ, ಬಂದವನೇ ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸೋಫಾದ ಮೇಲೆ ಕೂತು, "ನಮ್ಮ ಷಡ್ಡಕರು ಬಂದ್ರು, ಸೋಫಾಕ್ಕೆ ಪೇಪರ್ ಹಾಸಿ" ಎಂದು ನಕ್ಕ. ಎಲ್ಲರೂ ನಕ್ಕರು. ಅವನೂ ನಕ್ಕು, ಬಗ್ಗಿ ಮಗುವಿಗೆ ಕೈ ಚಾಚಿದ.

"ಮುಟ್ಟಬೇಡ! ನಿನ್ನ ಕೈ ಮುಟ್ಟಿದ್ದೆಲ್ಲ ಕೊಳೆ!"

ಹೇಳಿದ್ದು ಭಾವನಲ್ಲ. ಅವಳು.

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಮನೆಗೆ ಬಂದ ಮೇಲೆ ಅವನು ಬಟ್ಟೆ ತುಂಬಿಕೊಂಡ. "ನಿನ್ನ ಹತ್ರ ಬರೋಕೆ ನಾನೂ ಗ್ಲೌಸ್ ಹಾಕ್ಕೋಬೇಕೇನೋ" ಎಂದ. ಅವಳು "ಹಾಕ್ಕೋ ಹೋಗು" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಗಿದ್ದು ಮಾತಷ್ಟೇ ಅಲ್ಲ, ಗಂಡನೂ ಹೋದ.

ಭಾನುವಾರ ಅವಳು ಟಬ್ಬಿನ ತಳಕ್ಕೆ ಹಳೆಯ ಟವಲ್ ಹಾಸಿದಳು, ಬೆಕ್ಕಿನ ಕಾಲು ಜಾರಬಾರದೆಂದು. ಥರ್ಮಾಮೀಟರ್ ಅದ್ದಿ ನೀರಿನ ಬಿಸಿ ನೋಡಿದಳು. ಬೋಳಣ್ಣನ ಸ್ವೆಟರ್ ತೆಗೆದು ನೀರಿಗಿಳಿಸಿದಳು.

ಬೋಳಣ್ಣ ಅರಚಲಿಲ್ಲ. ಅದೇ ಅವಳಿಗೆ ವಿಚಿತ್ರ ಅನಿಸಿತು.

ಸೋಪು ನೀರಿನ ಬಟ್ಟೆ ಹೆಗಲ ಹಿಂದೆ ತಾಗಿದ್ದೇ ತಡ, ಮಗು ನರಳಿದ ಹಾಗೆ ಒಂದು ಸಣ್ಣ ದನಿ. ಅವಳು ಮಡಿಕೆ ಬಿಡಿಸಿ ನೋಡಿದಳು. ಚರ್ಮ ಕೆಂಪಗೆ ಬಿರಿದಿತ್ತು! ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಎಳೆ ಎಳೆಯಾಗಿ ಸೀಳು. ಸುತ್ತ ಜಿಡ್ಡು.

'ಪಾಪಿ! ಒಂದು ಬೆಕ್ಕಿಗೆ ನೀರು ಹಾಕೋಕೂ ಆಗದವನು...' ಕಣ್ಣೀರು ಬಂತು. ಯಾರ ಮೇಲಿನ ಸಿಟ್ಟಿನ ಕಣ್ಣೀರೆಂದು ಅವಳಿಗಂತೂ ಅನುಮಾನವಿರಲಿಲ್ಲ.

ಮೈ ಒರೆಸಿ, ಬೆಚ್ಚನೆ ಟವಲಿನಲ್ಲಿ ಸುತ್ತಿ, ಫೋನ್ ಎತ್ತಿಕೊಂಡಳು.

"ನಾಳೆ ನಾಲ್ಕು ಗಂಟೆಗೆ ಪ್ರಾಣಿಗಳ ಡಾಕ್ಟರ ಹತ್ರ ಬನ್ನಿ. ಬೋಳಣ್ಣನ ಮೈ ಏನು ಮಾಡಿಟ್ಟಿದೀರಿ ಅಂತ ಅವರ ಬಾಯಿಂದಾನೇ ಕೇಳಿ. ನಿಮ್ಮ ಹತ್ರ ಬಿಡಬಾರದು ಅಂತ ಬರೆಸಿಕೊಂಡೇ ಹೊರಡೋದು ನಾನು."

"ಮೈಗೆ ಏನಾಯ್ತು?" ಅವನ ದನಿ ಗಾಬರಿಯಿಂದ ಏರಿತು.

ಅವಳು ಫೋನ್ ಇಟ್ಟುಬಿಟ್ಟಳು.

ಡಾಕ್ಟರು ವಯಸ್ಸಾದವರು. ಕೋಟಿನ ತುಂಬ ಯಾವ ಯಾವುದೋ ನಾಯಿಯ ಕೂದಲು. ಬೋಳಣ್ಣನನ್ನು ಮೇಜಿನ ಮೇಲೆ ಮಲಗಿಸಿ, ದೀಪ ಹಿಡಿದು, ಒಂದೊಂದೇ ಮಡಿಕೆ ಬಿಡಿಸಿ ನೋಡಿದರು. ಗಂಡ ಹೆಂಡತಿ ಮೇಜಿನ ಆ ಬದಿ ಒಬ್ಬರು, ಈ ಬದಿ ಒಬ್ಬರು.

"ಇದು ಗ್ರೀಸು ಅಲ್ವಾ ಡಾಕ್ಟ್ರೇ?" ಅವಳು ತಡೆಯಲಾರದೆ ಕೇಳಿದಳು.

"ಗ್ರೀಸಾ? ಯಾರಂದಿದ್ದು? ಇದರದ್ದೇ ಮೈಯೆಣ್ಣೆ ಇದು" ಎಂದರು ಡಾಕ್ಟರು. "ಸ್ನಾನ ಎಷ್ಟು ಸಲ ಮಾಡಿಸ್ತೀರಾ?"

"ವಾರಕ್ಕೊಂದೇ ಸಾಕು ಅಂತ ಗೊತ್ತು. ಆದ್ರೆ ನನ್ನ ಹತ್ರ ಇದ್ದಾಗ ಮೂರು ಸಲ ಮಾಡಿಸ್ತೀನಿ" ಎಂದಳು. ಕೊನೆಯ ಮಾತನ್ನು ಅವನ ಕಡೆ ತಿರುಗಿಯೇ ಹೇಳಿದಳು. "ಯಾಕಂದ್ರೆ ಇವರ ಮನೇಲಿ ಯಾರೂ ಮಾಡಿಸಲ್ಲ."

ಡಾಕ್ಟರು ಅವನ ಕಡೆ ನೋಡಿದರು. "ನೀವು?"

ಅವನು ಬೆಕ್ಕಿನ ಬಾಲವನ್ನೇ ನೋಡುತ್ತಿದ್ದ.

"ದಿನಾ."

"ದಿನಾ ಅಂದ್ರೆ?"

"ದಿನಾ ಅಂದ್ರೆ ದಿನಾ. ನಾನು ಕೆಲಸದಿಂದ ಬಂದು ಎತ್ತಿಕೊಳ್ತೀನಲ್ಲ... ಎತ್ತಿಕೊಂಡ ಮೇಲೆ ತೊಳೀತೀನಿ. ನಾನು ಮುಟ್ಟಿರ್ತೀನಲ್ಲ, ಅದಕ್ಕೆ."

ಹೊರಗೆ ಯಾವುದೋ ನಾಯಿ ಬೊಗಳುತ್ತಿತ್ತು.

ಡಾಕ್ಟರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ಏನ್ರಪ್ಪಾ ನೀವು! ಎಣ್ಣೆ ತೆಗೆದಷ್ಟೂ ಚರ್ಮ ಒಣಗುತ್ತೆ, ಒಣಗಿದಷ್ಟೂ ಅದು ಇನ್ನಷ್ಟು ಎಣ್ಣೆ ಬಿಡುತ್ತೆ. ನೀವು ಜಿಡ್ಡು ನೋಡಿ ತೊಳೀತೀರಿ, ಇವರು ಇನ್ನೂ ಜಿಡ್ಡು ನೋಡಿ ಇನ್ನೂ ತೊಳೀತಾರೆ. ನಿಮ್ಮ ಬೆಕ್ಕಿಗೆ ಕೊಳೆ ರೋಗ ಅಲ್ಲಮ್ಮಾ, ಸೋಪಿನ ರೋಗ. ಒಬ್ಬರನ್ನೊಬ್ಬರು ಒಂದು ಮಾತು ಕೇಳೋಕೆ ಆಗಲಿಲ್ವಾ?"

ಕೇಳಿದ್ದಳು. ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದಳು. ಅವನು 'ನಿನ್ನೆ' ಎಂದು ನಿಜವನ್ನೇ ಹೇಳಿದ್ದ. 'ಸುಳ್ಳು' ಎಂದವಳು ತಾನು.

'ನಾನು ಮುಟ್ಟಿರ್ತೀನಲ್ಲ, ಅದಕ್ಕೆ...' ಅವಳ ಕಿವಿಯಲ್ಲಿ ಅದೊಂದೇ ಮಾತು ಸುತ್ತುತ್ತಿತ್ತು. ಹತ್ತು ವರ್ಷದ ಹಿಂದೆ ಅಲ್ಲ, ಬರೀ ಐದು ತಿಂಗಳ ಹಿಂದೆ ತಾನು ಆಡಿದ ಒಂದು ಮಾತು ಈ ಮೇಜಿನ ಮೇಲೆ ಕೆಂಪಗೆ ಬಿರಿದು ಮಲಗಿತ್ತು.

"ಮೂರು ವಾರ ನೀರು ಮುಟ್ಟಿಸಬೇಡಿ. ಮುಲಾಮು ಹಚ್ಚಿ. ಒಂದೇ ಮನೇಲಿ ಇರಲಿ, ಆ ಕಡೆ ಈ ಕಡೆ ಒಯ್ಯೋದು ಬೇಡ" ಎಂದ ಡಾಕ್ಟರು ಪೆನ್ನು ತೆಗೆದರು. "ಅದೇನೋ ಬರೆದುಕೊಡಬೇಕು ಅಂತ ಫೋನಲ್ಲಿ ಅಂದಿದ್ರಿ?"

"ಏನೂ ಬೇಡ" ಎಂದಳು ಅವಳು.

"ನಿನ್ನ ಹತ್ರಾನೇ ಇರಲಿ" ಎಂದ ಅವನು. ಬೋಳಣ್ಣನ ತಲೆಯ ಹತ್ತಿರ ಕೈ ತಂದ. ಮುಟ್ಟಲಿಲ್ಲ. ಹೊರಟುಹೋದ.

ಕೆಳಮನೆಯಲ್ಲಿ ಟೈಲರಮ್ಮನ ಮಂಡಿ ಅಷ್ಟರಲ್ಲಿ ಗುಣವಾಗಿತ್ತು. "ಏನಂದ್ರು ಡಾಕ್ಟ್ರು?"

"ತೊಳೆದು ತೊಳೆದು ಮೈ ಬಿರಿಸಿದೀರಿ ಅಂದ್ರು. ಇಬ್ಬರೂ."

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಸುಮ್ನೆ ಅಂದಿದಾರಾ?" ಟೈಲರಮ್ಮ ಬೋಳಣ್ಣನ ಹೊಸ ಸ್ವೆಟರಿನ ನೂಲು ಹಲ್ಲಿನಲ್ಲಿ ಕಡಿದಳು. "ಅವನು ಪ್ರತಿ ಸಲ ಬುಟ್ಟಿ ಒಯ್ಯೋಕೆ ಬಂದಾಗ ನನ್ನ ನಲ್ಲಿ ಹತ್ರ ನಿಂತು ಕೈ ಉಜ್ಜಿದ್ದೇ ಉಜ್ಜಿದ್ದು. ಯಾಕಪ್ಪಾ, ಕೈ ಕಿತ್ತು ಬಂದೀತು ಅಂದ್ರೆ, 'ಮನೆಯವಳಿಗೆ ಕೊಳೆ ಆಗಲ್ಲ' ಅಂತಿದ್ದ."

"ನನಗೆ ಯಾಕೆ ಹೇಳಲಿಲ್ಲ ನೀವು?"

"ಅವನ ಸುದ್ದಿ ಎತ್ತಿದ್ರೆ ಅಂಗಡಿ ಮೆಟ್ಟಿಲು ಹತ್ತಲ್ಲ ಅಂತ ನೀನೇ ಅಂದಿದ್ದೆ. ಮರೆತ್ಯಾ?"

ಮರೆತಿರಲಿಲ್ಲ.

ಮೂರು ವಾರ. ದಿನಾ ಮಧ್ಯಾಹ್ನ ಅವಳ ಊಟದ ಹೊತ್ತಿಗೆ ಸರಿಯಾಗಿ ಅವನ ಫೋನು.

"ಹೇಗಿದಾನೆ?"

"ಪರವಾಗಿಲ್ಲ. ಕೆಂಪು ಕಡಿಮೆ ಆಗಿದೆ."

"ಸರಿ."

ಅಷ್ಟೇ. ಪ್ರತಿ ದಿನ ಅವಳು ಮನಸ್ಸಿನಲ್ಲಿ ಒಂದು ಮಾತು ಸಿದ್ಧ ಮಾಡಿಟ್ಟುಕೊಳ್ಳುತ್ತಿದ್ದಳು. ಪ್ರತಿ ದಿನ ಆ 'ಸರಿ' ಬಂದು ಫೋನು ನಿಲ್ಲುತ್ತಿತ್ತು. ದಿನಕ್ಕೆ ನೂರು ಜನರ ರಕ್ತದಲ್ಲಿ ದೋಷ ಹುಡುಕುವವಳಿಗೆ ತನ್ನ ತಪ್ಪು ಒಪ್ಪಿಕೊಳ್ಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮನೆಯ ತುಂಬ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. ಬೋಳಣ್ಣ ಒಂದೊಂದರ ಮೇಲೂ ಹತ್ತಿ ಕೂತು ಬಾಗಿಲು ನೋಡುತ್ತಿದ್ದ.

ನಾಲ್ಕನೇ ಶನಿವಾರ ಅವಳೇ ಫೋನ್ ಮಾಡಿದಳು.

"ನಾಳೆ ಸ್ನಾನ ಮಾಡಿಸಬಹುದಂತೆ. ಹಿಡಿಯೋಕೆ ಒಬ್ಬರು ಬೇಕು."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದ. ಕಟ್ಟಿದ ಪೆಟ್ಟಿಗೆಗಳನ್ನು ನೋಡಿದ. ಬಚ್ಚಲಿಗೆ ಹೋಗಿ ಮಂಡಿಯೂರಿ ಕೂತ. ಜೇಬಿನಿಂದ ಹಳದಿ ರಬ್ಬರ್ ಗ್ಲೌಸು ತೆಗೆದು ತೊಟ್ಟುಕೊಂಡ.

ಅವಳು ಆ ಗ್ಲೌಸನ್ನೇ ನೋಡಿದಳು. ತಾನೇ ಹೇಳಿದ್ದಲ್ಲವೇ, ಹಾಕ್ಕೋ ಹೋಗು ಎಂದು?

ಬೋಳಣ್ಣನಿಗೆ ಮಾತ್ರ ಆ ರಬ್ಬರು ಸೇರಲಿಲ್ಲ. ಹಿಡಿದದ್ದೇ ತಡ, ಹಿಸ್ ಎಂದು ಎಗರಿ, ಟಬ್ಬಿನ ನೀರನ್ನು ಇಬ್ಬರ ಮುಖಕ್ಕೂ ಎರಚಿ, ಕಮೋಡಿನ ಹಿಂದೆ ಅವಿತುಕೊಂಡ.

"ಅದು ಗ್ಲೌಸಿಗೆ ಹೆದರುತ್ತೆ" ಎಂದಳು. "ತೆಗಿ."

"ಪರವಾಗಿಲ್ಲ. ಹೀಗೇ ಹಿಡೀತೀನಿ."

"ತೆಗಿ ಅಂದೆ."

"ಬೇಡ ಬಿಡು."

ಅವಳೇ ಅವನ ಮಣಿಕಟ್ಟು ಹಿಡಿದು ಗ್ಲೌಸು ಎಳೆದಳು. ಒಂದು. ಆಮೇಲೆ ಇನ್ನೊಂದು.

ಅಯ್ಯೋ...!

ಬೆರಳ ಗೆಣ್ಣುಗಳೆಲ್ಲ ಬಿರಿದಿದ್ದವು. ಅಂಗೈ ಸುಲಿದಿತ್ತು. ಉಗುರ ಸಂದಿಯಲ್ಲಿ ಆ ಕಪ್ಪು ಇರಲಿಲ್ಲ, ಕೆಂಪು ಗೆರೆ ಇತ್ತು. ಬೋಳಣ್ಣನ ಹೆಗಲ ಹಿಂದೆ ಅವಳು ಕಂಡ ಅವೇ ಸೀಳುಗಳು. ಬೆಕ್ಕಿಗೆ ಮೂರು ವಾರ ಮುಲಾಮು ಹಚ್ಚಿದವರಿದ್ದರು. ಈ ಕೈಗೆ ಯಾರಿದ್ದರು?

"ಏನು ಹಾಕಿ ಉಜ್ಜಿದ್ದು ಇದನ್ನ?"

"ಬಟ್ಟೆ ಸೋಪು. ಒಂದೊಂದು ಸಲ ಸೀಮೆಎಣ್ಣೆ."

"ಎಷ್ಟು ಸಲ?"

ಅವನು ಗ್ಲೌಸಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಬಚ್ಚಲ ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟಳು.

"ಕೇಳು" ಎಂದಳು. "ಅವತ್ತು ನಾನು ಹಾಗೆ ಅಂದಿದ್ದು ಕೊಳೆಗೆ ಹೆದರಿ ಅಲ್ಲ. ಮಗುವಿಗೆ ಏನೋ ಆಗುತ್ತೆ ಅಂತಾನೂ ಅಲ್ಲ. ಭಾವ ನಕ್ಕ, ಎಲ್ಲರೂ ನಕ್ಕರು. ನನಗೆ ನಾಚಿಕೆ ಆಯ್ತು. ನಿನ್ನ ಬಗ್ಗೆ... ನಾಚಿಕೆ ಆಯ್ತು. ನಾನೂ ಅವರ ಕಡೆಯವಳು ಅಂತ ತೋರಿಸ್ಕೋಬೇಕಿತ್ತು. ಅದಕ್ಕೆ ಅಂದೆ."

ಹೇಳಿ ಮುಗಿಸಿದಳು. ಇಷ್ಟು ಕಹಿಯಾದದ್ದನ್ನು ಅವಳ ಬಾಯಿ ಯಾವತ್ತೂ ಆಡಿರಲಿಲ್ಲ. ಬೈಗುಳಕ್ಕಿಂತ ಈ ನಿಜವೇ ಅವನನ್ನು ಹೆಚ್ಚು ಸುಡುತ್ತದೆಂದು ಗೊತ್ತಿತ್ತು. ಆದರೂ ಅರ್ಧ ನಿಜ ಹೇಳಿ ಕ್ಷಮೆ ಕೇಳುವುದು ಅವಳಿಗೆ ಬೇಡವಾಗಿತ್ತು.

ನಲ್ಲಿಯಿಂದ ಹನಿ ಬೀಳುತ್ತಿತ್ತು.

"ಗೊತ್ತಿತ್ತು" ಎಂದ ಅವನು.

"ಗೊತ್ತಿತ್ತಾ?!"

"ಕೊಳೆಗೆ ಹೆದರೋಳು ಆರು ವರ್ಷ ಜೊತೆಗಿರ್ತಿದ್ಲಾ? ನಾಚಿಕೆ ಅಂತ ಅವತ್ತೇ ಗೊತ್ತಾಯ್ತು. ಕೊಳೆ ಆದ್ರೆ ತೊಳೆದ್ರೆ ಹೋಗುತ್ತೆ. ಅದಕ್ಕೆ ಕೊಳೆನೇ ಅಂದ್ಕೊಂಡು ತೊಳೀತಿದ್ದೆ." ಅವನ ದನಿ ಒಡೆಯಿತು. "ನಾನೂ ಸರಿಯಿಲ್ಲ. ಬಾಯಿ ಬಿಟ್ಟು ಒಂದು ಸಲ ಬೈದಿದ್ರೆ ಆಗ್ತಿತ್ತು. ಬೋಳಣ್ಣನ ಮೈ ಉಳೀತಿತ್ತು."

ಅವಳು ಅತ್ತಳು. ಸೆರಗಿಲ್ಲ, ಕರವಸ್ತ್ರವಿಲ್ಲ, ಕೈಯಲ್ಲಿದ್ದದ್ದು ಬೆಕ್ಕಿನ ಟವಲ್. ಅದರಲ್ಲೇ ಮುಖ ಒರೆಸಿಕೊಂಡಳು.

"ಬೋಳಣ್ಣ ನಿನ್ನ ಹತ್ರಾನೇ ಇರಲಿ" ಎಂದಳು. "ನಾನು ನಾಳೆ ಒಬ್ಬಳೇ ಹೋಗ್ತೀನಿ. ನೀನು ತಂದವನು, ನಿನ್ನವನೇ ಅವನು. ನಾನು ಸೋತೆ ಅಂತ ಅಲ್ಲ... ಇನ್ನು ಮೇಲೆ ಅವನನ್ನ ಎತ್ತಿಕೊಂಡ ಮೇಲೆ ನೀನು ತೊಳೀಬಾರದು, ಅಷ್ಟೇ ನನಗೆ ಬೇಕಾಗಿರೋದು."

ಅಷ್ಟರಲ್ಲಿ ಬೋಳಣ್ಣ ಕಮೋಡಿನ ಹಿಂದಿನಿಂದ ಹೊರಬಂದ. ಇಬ್ಬರನ್ನೂ ನೋಡಿದ. ಹೋಗಿ ಅವನ ಬರಿಗೈಗೆ ತಲೆ ಒತ್ತಿದ.

ಅವನು ಎತ್ತಿ ಟಬ್ಬಿಗಿಳಿಸಿದ. ಬೋಳಣ್ಣ ಊರಿಗೆಲ್ಲ ಕೇಳುವಂತೆ ಅರಚಿದ! ಕೆಳಗಿಂದ ಟೈಲರಮ್ಮ ಸೂರಿಗೆ ಕೋಲಿನಿಂದ ಕುಟ್ಟಿದಳು. ಅವನು ಹಿಡಿದ, ಅವಳು ಒರೆಸಿದಳು. ಕಿವಿ, ಕಂಕುಳು, ಬೆರಳ ಸಂದಿ. ಬಿರಿದಿದ್ದ ಕಡೆ ಹೊಸ ಚರ್ಮ ಗುಲಾಬಿಯಾಗಿ ಬಂದಿತ್ತು. ಅಲ್ಲಿ ಅವಳು ನೀರನ್ನಷ್ಟೇ ಬಿಟ್ಟಳು.

ಟವಲಿನೊಳಗೆ ಬೋಳಣ್ಣನ ಮೂತಿ ಮಾತ್ರ ಕಾಣುವಂತಾದ ಮೇಲೆ ಅವನು ಹೇಳಿದ:

"ಒಬ್ಬನೇ ಸ್ನಾನ ಮಾಡಿಸೋಕೆ ಆಗಲ್ಲ ನನಗೆ. ಅವನನ್ನ ನೀನೇ ಕರ್ಕೊಂಡು ಹೋಗು. ಭಾನುವಾರ ಬರ್ತೀನಿ."

"ಪ್ರತಿ ಭಾನುವಾರಾನಾ? ನಾಲ್ಕು ಗಂಟೆ ಬಸ್ಸು!"

"ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡವರನ್ನ ಹೊರಗೆ ತರೋಕೆ ಅದಕ್ಕಿಂತ ಹೊತ್ತು ಹಿಡಿದಿದೆ ನನಗೆ." ಕೆಳಗೆ ಬಿದ್ದಿದ್ದ ಗ್ಲೌಸು ಎತ್ತಿ ಪಕ್ಕಕ್ಕಿಟ್ಟ. "ಆದ್ರೆ ಒಂದು ಮಾತು. ಅವತ್ತಿನದು ನಾನು ಮರೆತಿಲ್ಲ. ಮರೀತೀನೋ ಇಲ್ವೋ, ಅದೂ ಗೊತ್ತಿಲ್ಲ."

"ಮರೀಬೇಡ" ಎಂದಳು. "ನಾನೂ ಮರೆಯಲ್ಲ."

ಬೋಳಣ್ಣನನ್ನು ಮಡಿಲಲ್ಲಿಟ್ಟುಕೊಂಡೇ ಅವಳು ಮುಲಾಮಿನ ಡಬ್ಬಿಗೆ ಕೈ ಚಾಚಿದಳು. ಬೆಕ್ಕಿಗೆಂದು ತಂದದ್ದು, ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಇನ್ನೊಂದು ಕೈಯಿಂದ ಅವನ ಕೈ ಹಿಡಿದಳು.

ಅವನು ಕೈ ಹಿಂದಕ್ಕೆಳೆದ. ಐದು ತಿಂಗಳ ಅಭ್ಯಾಸ.

"ತಾಳು... ಬೆಕ್ಕಿನ ಜಿಡ್ಡಾಗಿದೆ. ತೊಳ್ಕೊಂಡು ಬರ್ತೀನಿ."

ಅವಳು ಬಿಡಲಿಲ್ಲ.

"ತೊಳೀಬೇಡ" ಎಂದಳು. "ಹಾಗೇ ಕೊಡು."